ಚಂದ್ರನ ಮೇಲಿನ ಕೊನೇ ಗದ್ದೆ

ಕಳೆದ ವಾರ ಪಾಂಡವಪುರಕ್ಕೆ ಹೋಗುವ ಬಸ್ಸು ನಾಲೆಯ ಸೇತುವೆ ಮೇಲೆ ನಿಂತುಬಿಟ್ಟಿತು. ಮುಂದೆ ಕಬ್ಬು ತುಂಬಿದ ಟ್ರಾಕ್ಟರು ಕೆಟ್ಟು ನಿಂತಿತ್ತು. ಕಿಟಕಿಯಿಂದ ಒಂದು ವಾಸನೆ ಬಂತು. ಒಣಗಿದ ನಾಲೆಗೆ ಹೊಸ ನೀರು ಬಿಟ್ಟ ದಿನ ಮಾತ್ರ ಬರುವ ವಾಸನೆ ಅದು. ಕಾದ ಮಣ್ಣು, ತರಗೆಲೆ, ಸೆಗಣಿ ಎಲ್ಲ ಒಟ್ಟಿಗೆ ನೆಂದ ವಾಸನೆ. ನೀರಿನ ಮುಂದುಗಡೆ ನೊರೆ ಕಟ್ಟಿಕೊಂಡು, ಅದರ ಮೇಲೊಂದು ಹವಾಯಿ ಚಪ್ಪಲಿ ತೇಲುತ್ತಿತ್ತು. ಅಣ್ಣ ಒಳಗೆ ಬಂದು ಬೆಂಚಿನ ಮೇಲೆ ಕೂತರೆ ಅವರ ಪಂಚೆಯಿಂದ ಇದೇ ವಾಸನೆ ಬರುತ್ತಿತ್ತು...

ಅಣ್ಣ ಅಂದರೆ ಒಡಹುಟ್ಟಿದವರಲ್ಲ. ಕಿರಂಗೂರಿನ ಕಡೆಯ ನೀರುಗಂಟಿ. ನಾಲೆಯ ತೂಬು ಎತ್ತಿ ಇಳಿಸಿ, ಗದ್ದೆಗಳಿಗೆ ಪಾಳಿ ಪ್ರಕಾರ ನೀರು ಹಾಯಿಸುವ ಕೆಲಸ. ಅವರ ಹೆಸರು ನನಗೆ ಚೆನ್ನಾಗಿ ಗೊತ್ತಿತ್ತು, ಅವರ ಅರ್ಜಿಗಳಲ್ಲಿ ನಾನೇ ಎಷ್ಟೋ ಸಲ ಟೈಪು ಮಾಡಿದ್ದೆ. ಬಾಯಿಗೆ ಮಾತ್ರ ಅಣ್ಣ ಅಂತಲೇ ಬರುತ್ತಿತ್ತು. ಅವರಿಗೆ ಆಗಲೇ ಐವತ್ತು ದಾಟಿತ್ತು, ನನಗೆ ಇಪ್ಪತ್ತನಾಲ್ಕು.

ತೊಂಬತ್ತರ ದಶಕದ ನಡುವಿನ ಮಾತು. ನಮ್ಮ ಸೋದರಮಾವ ಪಾಂಡವಪುರದಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇಟ್ಟಿದ್ದರು. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದ ನನ್ನನ್ನು ಅಲ್ಲಿ ಪಾಠ ಹೇಳಲು ಕೂರಿಸಿದ್ದರು. ಏಳು ಟೈಪ್‌ರೈಟರು, ಒಂದು ಹಳೆಯ ಕಂಪ್ಯೂಟರು, ಕಿರ್ರೆಂದು ಕಿರುಚುತ್ತ ಮುದ್ರಿಸುವ ಒಂದು ಪ್ರಿಂಟರು. ಕಂಪ್ಯೂಟರಿನ ಜೊತೆ ಯಾರೋ ಕೊಟ್ಟ ಒಂದಿಷ್ಟು ಫ್ಲಾಪಿಗಳಿದ್ದವು. ಅದರಲ್ಲೊಂದು, ಭೂಮಿಯಿಂದ ಚಂದ್ರನಿಗೆ ನೌಕೆ ನಡೆಸುವ ಆಟ. ಆಟ ಅಂದರೆ ಗುಂಡು ಹಾರಿಸುವಂಥದ್ದಲ್ಲ. ಯಾವ ಕ್ಷಣದಲ್ಲಿ ಎಂಜಿನ್ ಉರಿಸಬೇಕು, ಎಷ್ಟು ಹೊತ್ತು, ಯಾವ ದಿಕ್ಕಿಗೆ, ಎಲ್ಲ ನಾವೇ ಲೆಕ್ಕ ಹಾಕಿ ಅಂಕಿ ಕೊಡಬೇಕು. ಚಂದ್ರನ ಮೇಲೆ, ನಡುಗೆರೆಯಿಂದ, ಅಂದರೆ ಸಮಭಾಜಕದಿಂದ, ಬಹಳ ಮೇಲಕ್ಕೆ, ಒಂದು ನೆಲೆ ಕಟ್ಟಿದ್ದರು. ನೌಕೆ ಅದರ ನೆತ್ತಿಯ ಮೇಲೆ ಹಾಯಬೇಕು. ಅಷ್ಟೇ.

ನಾಲ್ಕು ತಿಂಗಳು ನನ್ನಿಂದ ಆಗಲಿಲ್ಲ. ಚಂದ್ರನವರೆಗೆ ಹೋಗುತ್ತಿದ್ದೆ. ಅಲ್ಲಿ ಸುತ್ತುತ್ತಿದ್ದೆ. ನೆಲೆ ಮಾತ್ರ ಯಾವಾಗಲೂ ದೂರದಲ್ಲಿ ಬೂದು ಚುಕ್ಕೆಯಾಗಿ ಉಳಿಯುತ್ತಿತ್ತು. ಅಲ್ಲಿಗೆ ತಿರುಗಿಸಲು ಹೋದರೆ ಇಂಧನ ಖಾಲಿ. ಎರಡು ನೋಟ್‌ಬುಕ್ಕು ತುಂಬಿದವು. ಮಾವ ನೋಡಿ, ಇದರಲ್ಲಿ ಅರ್ಧ ಬುದ್ಧಿ ಬ್ಯಾಂಕ್ ಪರೀಕ್ಷೆಗೆ ಇಟ್ಟಿದ್ದರೆ ಇಷ್ಟೊತ್ತಿಗೆ ಮ್ಯಾನೇಜರ್ ಆಗ್ತಿದ್ದೆ ಎಂದರು. ಅವರ ಮಾತು ಸರಿಯಾಗಿಯೇ ಇತ್ತು.

ಅಣ್ಣ ಬರುತ್ತಿದ್ದದ್ದು ಅರ್ಜಿಗಾಗಿ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ದಿನಗೂಲಿ ಮೇಲೆಯೇ ತೂಬು ಕಾಯ್ದಿದ್ದರು. ಖಾಯಂ ಮಾಡಿ ಎಂದು ವರ್ಷಕ್ಕೆ ಎರಡು ಅರ್ಜಿ ಕೊಡುತ್ತಿದ್ದರು, ಯಾವುದಕ್ಕೂ ಉತ್ತರ ಬರುತ್ತಿರಲಿಲ್ಲ. ಒಂದು ದಿನ ಅರ್ಜಿಗೆ ಕಾಯುತ್ತ ನನ್ನ ಬೆನ್ನ ಹಿಂದೆ ನಿಂತು ಪರದೆ ನೋಡಿದರು.

"ಇದೇನವ್ವಾ, ಗುಂಡುಗುಂಡುಗೆ?"

ಹೇಳಿದೆ. ಯಾರಿಗಾದರೂ ಹೇಳಬೇಕಿತ್ತು, ಹೇಳಿದೆ. ಭೂಮಿ, ಚಂದ್ರ, ಮೂರು ದಿನದ ದಾರಿ, ನಡುಗೆರೆ, ನೆಲೆ, ಇಂಧನ. ಅವರು ನಗಲಿಲ್ಲ. ಬೆಂಚು ಎಳೆದುಕೊಂಡು ಕೂತರು.

"ನೀನು ಎಲ್ ತಿರುಗುಸ್ತಿದ್ದೀಯೆ?"

"ಚಂದ್ರನ ಹತ್ರ ಹೋದ್ಮೇಲೆ, ಅಣ್ಣ."

"ಬಾಗ್ಲಿಗೆ ಬಂದ್ಮೇಲೆ ತಿರುಗುಸುದ್ರೆ ಬತ್ತದಾ? ಮೇಲ್ಗಡೆ ತೂಬಲ್ಲಿ ಒಂದು ಬೆಳ್ಳಗಲ ತಿರುಗ್ಸು ಸಾಕು, ಕೊನೇ ಗದ್ದೇಲಿ ಒಂದು ಮೊಳ ನೀರು ಎಚ್ಗೆ ನಿಂತದೆ. ಕೊನೇಲಿ ನಿಂತ್ಕಂಡು ಗುದ್ಲಿ ಆಕುದ್ರೆ ರಟ್ಟೆ ಬೀಳ್ತದೆ ಅಷ್ಟೆಯಾ."

ಅಂದಿನಿಂದ ಚಂದ್ರನ ನೆಲೆಗೆ ನಮ್ಮಿಬ್ಬರಲ್ಲಿ ಕೊನೇ ಗದ್ದೆ ಎಂದೇ ಹೆಸರು. ಆ ರಾತ್ರಿ ಅಲ್ಲ, ಮಾರನೆಯ ಬೆಳಿಗ್ಗೆ ಲೆಕ್ಕ ಮಾಡಿ ನೋಡಿದೆ. ದಾರಿ ಕಾಲುಭಾಗ ಕಳೆದಾಗ, ಭೂಮಿ ಇನ್ನೂ ದೊಡ್ಡದಾಗಿ ಕಾಣುತ್ತಿರುವಾಗಲೇ, ಎಂಜಿನ್ನನ್ನು ಕೆಲವೇ ಸೆಕೆಂಡು ಪಕ್ಕಕ್ಕೆ ಉರಿಸಿದರೆ ಸಾಕಿತ್ತು. ಮೂರು ದಿನದ ಕೊನೆಗೆ ನೌಕೆ ಚಂದ್ರನ ನಡುವನ್ನು ಬಿಟ್ಟು ಮೇಲುಗಡೆಯಿಂದ ಹಾಯುತ್ತಿತ್ತು. ಇಂಧನ ಹಾಗೇ ಉಳಿಯುತ್ತಿತ್ತು. ಕಾಲೇಜಿನಲ್ಲಿ ಮೂರು ವರ್ಷ ಗಣಿತ ಓದಿದವಳಿಗೆ ಹೊಳೆಯದ್ದು ಇದು.

ಆದರೂ ನೆಲೆ ಒಂದು ಪಕ್ಕಕ್ಕೆ ಉಳಿಯುತ್ತಿತ್ತು. ನಾನು ಅದನ್ನು ಬೆನ್ನಟ್ಟುತ್ತಿದ್ದೆ. ಅವರು ಮುಂದಿನ ಸಲ ಬಂದಾಗ ಚಂದ್ರ ತಾನೂ ತಿರುಗುತ್ತದಾ ಎಂದು ಕೇಳಿದರು. ಹೌದು, ನಿಧಾನಕ್ಕೆ, ತಿಂಗಳಿಗೊಂದು ಸುತ್ತು ಎಂದೆ.

"ಅಂಗಾರೆ ನೀನ್ಯಾಕ್ ಓಡೋಯ್ತೀಯೆ? ನೀನು ಸುತ್ಕಂಡು ಕಾದಿರು. ಅದ್ರ ಪಾಳಿ ಬಂದಾಗ ಅದೇ ನಿನ್ ಕೆಳ್ಗಡೆ ಬತ್ತದೆ."

ಅಂತೂ ದಾರಿ ಸಿದ್ಧವಾಯಿತು. ಇಡೀ ಪಯಣಕ್ಕೆ, ಕಾಲವನ್ನು ಓಡಿಸಿದರೂ, ಒಂದೂವರೆ ಗಂಟೆ ಬೇಕು. ಆಗ ನಮ್ಮ ಕಡೆ ಹಗಲು ಕರೆಂಟು ಬರುವ ಹೊತ್ತು ವಾರವಾರಕ್ಕೆ ಬದಲಾಗುತ್ತಿತ್ತು. ಆ ವಾರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಾತ್ರ ಇರುತ್ತಿತ್ತು. ಬರುವ ತಿಂಗಳು ಕಂಪ್ಯೂಟರನ್ನು ಕೆ.ಆರ್. ಪೇಟೆಯವರೊಬ್ಬರಿಗೆ ಕೊಡುವುದಾಗಿ ಮಾವ ಮಾತಾಡಿಬಿಟ್ಟಿದ್ದರು. ಶನಿವಾರ ಮಾಡೋಣ ಎಂದು ಇಬ್ಬರೂ ಗೊತ್ತು ಮಾಡಿಕೊಂಡೆವು.

ಅದೇ ವಾರ ಅಣ್ಣನಿಗೆ ಒಂದು ಸುದ್ದಿ ಬಂತು. ಹಳೆಯ ದಿನಗೂಲಿಯವರನ್ನು ಖಾಯಂ ಮಾಡುತ್ತಾರಂತೆ, ಕೆಲಸ ಮಾಡಿದ ವರ್ಷಗಳ ವಿವರದೊಂದಿಗೆ ಅರ್ಜಿ ಮಂಡ್ಯದ ಕಚೇರಿಗೆ ಶನಿವಾರ ಸಂಜೆಯೊಳಗೆ ಮುಟ್ಟಬೇಕಂತೆ. ಅವರು ಹಳೆಯ ಎಂಜಿನಿಯರೊಬ್ಬರಿಂದ ಚೀಟಿ ಬರೆಸಿಕೊಂಡು ಬರುವ ಹೊತ್ತಿಗೆ ಶುಕ್ರವಾರ ಮಧ್ಯಾಹ್ನ. ಟೈಪ್‌ರೈಟರಿನಲ್ಲಿ ಹೊಡೆದುಕೊಡುತ್ತೇನೆ ಅಂದರೆ ಒಪ್ಪಲಿಲ್ಲ. "ಇಷ್ಟ್ ವರ್ಸ ಅದ್ರಲ್ಲೇ ವಡ್ಸಿ ಏನಾಯ್ತು? ಕಂಪ್ಯೂಟ್ರಲ್ಲಿ ಆಗ್ಲಿ ಕಣವ್ವ, ಸಾಹೇಬ್ರು ಒಂದ್ ಕಿತ ಓದ್ಲಿ." ಎರಡು ಪುಟ ಕಂಪ್ಯೂಟರಿಗೆ ಹಾಕಿ ಫ್ಲಾಪಿಗೆ ಇಳಿಸಿದೆ. ಪ್ರಿಂಟಿಗೆ ಕಾಗದ ಸೇರಿಸುವಷ್ಟರಲ್ಲಿ ಕರೆಂಟು ಹೋಯಿತು. ನಾಳೆ ಎರಡಕ್ಕೆ ಬನ್ನಿ, ಮೊದಲು ನಿಮ್ಮದೇ ಎಂದೆ.

ಶನಿವಾರ ಎರಡಕ್ಕೆ ಕರೆಂಟು ಬಂತು, ಅಣ್ಣ ಬರಲಿಲ್ಲ. ಐದು ನಿಮಿಷ ಕಾದೆ. ಅರ್ಜಿಯನ್ನು ಆಗಲೇ ಪ್ರಿಂಟು ಮಾಡಿ ಇಡಬಹುದಿತ್ತು. ಮಾಡಲಿಲ್ಲ. ಆಟ ಹಾಕಿ ನೌಕೆ ಬಿಟ್ಟೆ. ಬಸ್ಸು ತಡವಾಗಿ, ಅವರು ಎರಡೂಮುಕ್ಕಾಲಿಗೆ ಬೆವರಿಳಿಸುತ್ತ ಬಂದಾಗ ಮೇಲಿನ ತೂಬು ತಿರುಗಿಸಿಯಾಗಿತ್ತು, ನೌಕೆ ಚಂದ್ರನ ಹತ್ತಿರವಿತ್ತು. ಆಗಿನ ಆ ಕಂಪ್ಯೂಟರು ಒಂದು ಸಲಕ್ಕೆ ಒಂದೇ ಕೆಲಸ ಮಾಡುತ್ತಿತ್ತು. ಪ್ರಿಂಟು ಬೇಕೆಂದರೆ ಆಟ ಮುಚ್ಚಬೇಕು. ಎದ್ದು ಟೈಪ್‌ರೈಟರಿಗೆ ಕೂತರೆ ಎಂಜಿನ್ ಉರಿಸುವ ಕ್ಷಣ ತಪ್ಪಿಹೋಗುತ್ತಿತ್ತು. ಮಂಡ್ಯದ ಬಸ್ಸು ಮೂರೂಕಾಲಿಗೆ, ನಮ್ಮ ಬಾಗಿಲ ಎದುರಿಗೇ ನಿಲ್ಲುತ್ತಿತ್ತು.

"ನಡುವೆ ಒಸಿ ನಿಲ್ಸಿ, ಆಮೇಲೆ ಇಲ್ಲಿಂದ್ಲೇ ಬುಡಾಕಾಯ್ತದೇನವ್ವ?" ಎಂದು ಕೇಳಿದರು.

"ಆಗಲ್ಲ ಅಣ್ಣ," ಎಂದೆ. "ಮುಚ್ಚಿದ್ರೆ ಎಲ್ಲ ಹೋಯ್ತು."

ಅವರು ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. "ಅಂಗಾರೆ ಬುಡು, ಆಗೋಗ್ಲಿ. ಪಾಳಿ ನೀರು ಬುಟ್ಮೇಲೆ ಕೊನೇ ಗದ್ದೆ ನೆನೆಯೋಗಂಟ ತೂಬು ಇಳಿಸ್ಬಾರ್ದು. ನಾನು ಯಾವತ್ತೂ ಇಳಿಸ್ದೋನಲ್ಲ."

ಇದು ಅವರ ದೊಡ್ಡ ನೇಮ. ಊರಿನ ದೊಡ್ಡವರು ಬಂದು ಗದರಿದರೂ, ಮನೆಯಲ್ಲಿ ಹಬ್ಬದ ಎಡೆ ಆರಿಹೋದರೂ, ಕೊನೆಯವನ ಗದ್ದೆ ನೆನೆಯುವ ತನಕ ಅವರು ತೂಬು ಬಿಟ್ಟು ಕದಲುತ್ತಿರಲಿಲ್ಲ ಎಂದು ಆಮೇಲೆ ಬೇರೆಯವರಿಂದಲೂ ಕೇಳಿದ್ದೇನೆ.

ನೌಕೆ ಚಂದ್ರನನ್ನು ಸುತ್ತತೊಡಗಿತು. ಮೊದಲ ಸುತ್ತಿನಲ್ಲಿ ನೆಲೆ ಬಲಗಡೆಗೆ ದೂರ ಇತ್ತು. ಎರಡನೆಯದರಲ್ಲಿ ಸ್ವಲ್ಪ ಹತ್ತಿರ. ಮೂರೂಕಾಲಿಗೆ ಮಂಡ್ಯದ ಬಸ್ಸು ಬಂದು ನಿಂತಿತು, ಹಾರನ್ ಹೊಡೆಯಿತು. ಅಣ್ಣ ಒಮ್ಮೆ ಬಾಗಿಲ ಕಡೆ ನೋಡಿದರು. ನಾನು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಬಸ್ಸು ಹೋಯಿತು.

ಮೂರೂವರೆ ದಾಟಿದ ಮೇಲೆ ನೆಲೆ ಪರದೆಯ ಅಂಚಿನಿಂದ ಬಂತು. ಸಣ್ಣ ಬೂದು ಚೌಕಗಳು, ಒಂದು ಬಿಳಿ ಗೆರೆ. ಬರುತ್ತ ಬರುತ್ತ ನಡುವಿನ ಅಡ್ಡಗೆರೆಯ ಕೆಳಗೇ ಬಂದು, ಹಾಗೇ ಹಿಂದಕ್ಕೆ ಸರಿದು ಹೋಯಿತು. ನಾಲ್ಕೈದು ಸೆಕೆಂಡು ಇದ್ದಿರಬೇಕು...

"ನೆಂದ್ತು ಕಣವ್ವ," ಎಂದರು ಅಣ್ಣ. ಅವರ ಕಣ್ಣು ತುಂಬಿತ್ತು. ನಾನು ನಕ್ಕೆ. ನನ್ನ ಬದುಕಿನಲ್ಲಿ ಅಷ್ಟು ಖುಷಿಪಟ್ಟ ಗಳಿಗೆಗಳು ಕಡಿಮೆ, ಅದನ್ನೂ ಹೇಳಿಬಿಡಬೇಕು.

ಆಟ ಮುಚ್ಚಿ ಅರ್ಜಿಯ ಫ್ಲಾಪಿ ಹಾಕಿದೆ. ಪ್ರಿಂಟರು ಒಂದೂವರೆ ಸಾಲು ಕಿರುಚಿ ನಿಂತಿತು. ನಾಲ್ಕಕ್ಕೆ ಇನ್ನೂ ಹತ್ತು ನಿಮಿಷ ಇರುವಾಗಲೇ ಕರೆಂಟು ಹೋಗಿತ್ತು. ಟೈಪ್‌ರೈಟರಿಗೆ ಕಾಗದ ಸೇರಿಸಿ ಎರಡು ಪುಟ ಹೊಡೆದೆ. ಅಣ್ಣ ರುಜು ಹಾಕಿ ನಾಲ್ಕೂವರೆಯ ಬಸ್ಸಿಗೆ ಓಡಿದರು. ಅದು ಮಂಡ್ಯ ಮುಟ್ಟುವ ಹೊತ್ತಿಗೆ ಕಚೇರಿಗೆ ಬೀಗ ಬಿದ್ದಿರುತ್ತದೆ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಹತ್ತು ಹದಿನೈದು ದಿನದ ಮೇಲೆ ಬಂದರು. ಕೈಯಲ್ಲಿ ಒಂದು ಹಿಡಿ ಹಸಿ ಅವರೆಕಾಯಿ ಇತ್ತು, ನನಗೆಂದು ತಂದಿದ್ದರು. ಅರ್ಜಿ ಏನಾಯಿತು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಅವರೇ ಹೇಳಿದರು.

"ಸೋಮವಾರ ಮತ್ತೆ ಮಂಡ್ಯಕ್ಕೆ ಓದೆ. ಶನಿವಾರಕ್ಕೇ ಪಟ್ಟಿ ಕಟ್ಬುಟ್ರಂತೆ. ಅಕ್ಕಪಕ್ಕದ ತೂಬ್ನೋರ್ದೆಲ್ಲ ಆಯ್ತು." ನನ್ನ ಮುಖ ನೋಡಿದರು. "ನೀನ್ಯಾಕ್ ಮಖ ಅಂಗ್ ಮಾಡ್ಕಂಡಿದ್ದೀಯೆ? ನಡುವೆ ನಿಲ್ಸೋ ಅಂಗಿರ್ಲಿಲ್ಲ, ನೀನೇನ್ ಮಾಡೀಯೆ? ಬುಡವ್ವ."

ನಾನು ಅವರೆಕಾಯಿ ಸುಲಿಯುತ್ತ ಕೂತೆ. ಅವರು ಹೋದರು. ಆ ಮೇಲೆ ಅವರು ಅರ್ಜಿ ಬರೆಸಲು ಬರಲಿಲ್ಲ. ಬರೆಸುವಂಥದ್ದು ಏನೂ ಉಳಿದಿರಲಿಲ್ಲ.

ಮುಂದೆ ನನಗೆ ಮದುವೆಯಾಗಿ ನಾಗಮಂಗಲಕ್ಕೆ ಹೋದೆ. ಅಲ್ಲಿನ ಹೊಲಗಳಿಗೆ ನಾಲೆ ಇಲ್ಲ, ಯಾರೂ ನೀರುಗಂಟಿಯ ಮಾತಾಡುವುದಿಲ್ಲ. ಒಂದು ವರ್ಷ ತವರಿಗೆ ಬಂದಾಗ ಮಾವ ಊಟಕ್ಕೆ ಕೂತವರು ಮಾತಿನ ನಡುವೆ, ನಿನ್ನ ಚಂದ್ರನ ನೀರುಗಂಟಿ ಹೋಗಿಬಿಟ್ಟನಂತೆ, ಕೊನೆಯವರೆಗೂ ದಿನಗೂಲಿಯಲ್ಲೇ ಇದ್ದನಂತೆ ಎಂದರು. ನಾನು ಸಾರು ಬಡಿಸುತ್ತಿದ್ದೆ. ಬಡಿಸಿದೆ. ನನಗೆ ಏನೂ ಅನ್ನಿಸಲಿಲ್ಲ. ಅಳು ಬರಬಹುದು ಎಂದು ಎರಡು ಮೂರು ದಿನ ಕಾದೆ, ಬರಲಿಲ್ಲ. ಈಗಲೂ ಬಂದಿಲ್ಲ.

ಸೇತುವೆಯ ಮೇಲೆ ಟ್ರಾಕ್ಟರನ್ನು ಪಕ್ಕಕ್ಕೆ ತಳ್ಳಿದರು. ಕೆಳಗೆ ನೀರು ಆಗಲೇ ಏರಿತ್ತು, ಹವಾಯಿ ಚಪ್ಪಲಿ ಕಾಣಲಿಲ್ಲ. ದೂರದಲ್ಲಿ ಒಬ್ಬ ಹುಡುಗಿ ತೂಬಿನ ಪಕ್ಕ ಬಟ್ಟೆ ಒಗೆಯುತ್ತಿದ್ದಳು. ಇಷ್ಟು ವರ್ಷ ಯಾರಿಗೂ ಹೇಳದ ಮಾತು ಒಂದಿದೆ, ಅದನ್ನು ಇಲ್ಲಿ ಬರೆಯುತ್ತೇನೆ. ಆ ಆಟವನ್ನು ನಡುವೆ ನಿಲ್ಲಿಸಬಹುದಿತ್ತು. ಒಂದು ಕೀ ಒತ್ತಿದರೆ ಎಲ್ಲಿದ್ದೆವೋ ಅಲ್ಲಿಗೆ ಫ್ಲಾಪಿಯಲ್ಲಿ ಉಳಿಯುತ್ತಿತ್ತು, ಸೋಮವಾರ ಅಲ್ಲಿಂದಲೇ ಮತ್ತೆ ಹೊರಡಬಹುದಿತ್ತು. ನಾನು ಅದನ್ನು ಒಮ್ಮೆಯೂ ಬಳಸಿರಲಿಲ್ಲ, ಸೋತ ಆಟವನ್ನು ಯಾರು ಉಳಿಸಿಡುತ್ತಾರೆ? ಆದರೆ ಅದಿದೆ ಎಂದು ನನಗೆ ಗೊತ್ತಿತ್ತು. ಅಣ್ಣ ಕೇಳಿದಾಗಲೂ ಗೊತ್ತಿತ್ತು. ಅವರೆಕಾಯಿ ಕೊಟ್ಟು ನನ್ನನ್ನೇ ಸಮಾಧಾನ ಮಾಡಿದಾಗಲೂ ಗೊತ್ತಿತ್ತು...

ಬಸ್ಸು ಹೊರಟಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ವಾಸನೆ ಎಂದು ಸೆರಗು ಮೂಗಿಗೆ ಹಿಡಿದು, ಕಿಟಕಿ ಮುಚ್ಚಲು ಹೇಳಿದಳು. ಮುಚ್ಚಿದೆ.