ಕಾಶಿಯ ಬೆರಳು, ಮೂರು ದವಾಖಾನೆ

ಡೊಂಬಿವಲಿಯಿಂದ ಬೆಳಿಗ್ಗೆ ಆರೂವರೆಗೆ ಹೊರಟೆವು. ಈರುಳ್ಳಿ ಟೆಂಪೋ ಓಡಿಸುವ ಬಸಪ್ಪ ಕಾಕಾ, ನಾನು, ನಮ್ಮಿಬ್ಬರ ಮಧ್ಯೆ ಕಾಶಿ. ಕಾಶಿ ಮುಧೋಳ ತಳಿಯ ಬೇಟೆನಾಯಿ, ಮೂರು ವರ್ಷದ ಹೆಣ್ಣು. ಬೇಟೆಗೆ ಈಗ ಕಾನೂನಿನ ಅಡ್ಡಿ, ಹಾಗಾಗಿ ಮೈದಾನದಲ್ಲಿ ನಾನು ಹಗ್ಗಕ್ಕೆ ಕಟ್ಟಿ ಎಳೆಯುವ ಬಟ್ಟೆಯ ಹಿಂದೆ ಓಡುತ್ತಾಳೆ. ಹಾಗೆ ಓಡುವಾಗಲೇ ಎಂಟು ದಿನದ ಹಿಂದೆ ಮುಂಗಾಲಿನ ಒಂದು ಉಗುರು ಬುಡದವರೆಗೆ ಸೀಳಿತ್ತು. ಬೆರಳು ಬಾತು ಕೀವು ತುಂಬಿ, ಆ ಕಾಲನ್ನು ನೆಲಕ್ಕೆ ಊರುವುದನ್ನೇ ಬಿಟ್ಟಿದ್ದಳು. ಬೆರಳು ಹೋದರೆ ಇಂಥ ನಾಯಿಯ ಓಟ ಮೊದಲಿನಂತಿರುವುದಿಲ್ಲ. ಅದನ್ನು ಉಳಿಸುವ, ನಮ್ಮ ಕೈಗೆಟಕುವ ಡಾಕ್ಟರು ಬೇಕಿತ್ತು.

ಲೋಕಲ್ ರೈಲಿನ ಗದ್ದಲದಲ್ಲಿ ಕುಂಟುವ ನಾಯಿಯನ್ನು ಒಯ್ಯುವುದು ಆಗದ ಮಾತು. ಕಾಕಾನ ಟೆಂಪೋ ಕಲ್ಯಾಣ, ಠಾಣೆ, ಮಹಾಪೆ ಸುತ್ತಿ ಸಂಜೆಗೆ ಮರಳುತ್ತದೆ. ಡೀಸೆಲ್‌ಗೆಂದು ನಾಲ್ಕು ನೂರು ಕೊಟ್ಟು ಹತ್ತಿಕೊಂಡೆ. ಕಾಶಿ ಹಿಂದಿನ ಈರುಳ್ಳಿ ಚೀಲಗಳತ್ತ ಮೂಗು ಚಾಚಿದಾಗ ತಡೆದೆ.

"ಉಳ್ಳಾಗಡ್ಡಿ ನಾಯಿಗೆ ವಿಷ ಐತ್ರಿ ಕಾಕಾ."

"ಎಲ್ಲಾ ಗೊತ್ತೈತಿ ನಿನಗ. ಮತ್ತ ಡಾಕ್ಟರ್‍ನ ಯಾಕ ಹುಡುಕಾಕತ್ತಿ, ತಮ್ಮಾ?" ಎಂದ ಕಾಕಾ.

ಕಲ್ಯಾಣದಲ್ಲಿ ಕಾಕಾ ಮಾಲು ಇಳಿಸುವಷ್ಟರಲ್ಲಿ ಮಾರುಕಟ್ಟೆಯ ಹಿಂದಿನ ದವಾಖಾನೆ ತೆರೆದಿತ್ತು. ಅಲ್ಲಿನ ಡಾಕ್ಟರು ಬೆರಳಿಗಿಂತ ಮೊದಲು ಕಾಶಿಯ ಪಕ್ಕೆಲುಬು ನೋಡಿ, ಊಟ ಹಾಕುತ್ತೀರೋ ಇಲ್ಲವೋ ಎಂದು ಮರಾಠಿಯಲ್ಲಿ ಕೇಳಿದರು. ಈ ತಳಿಯಲ್ಲಿ ಕೊನೆಯ ಎರಡು ಮೂರು ಎಲುಬು ಕಾಣಲೇಬೇಕು ಎಂದು ವಿವರಿಸಿದೆ. ನಕ್ಕು, ಮೈ ತುಂಬುವ ಟಾನಿಕ್ಕು ಬರೆದರು. ಬೆರಳಿಗೆ ಒಂದು ಮುಲಾಮು. ಫೀಸು ನಾಲ್ಕು ನೂರು. ಟಾನಿಕ್ಕು ಕೊಳ್ಳದೆ ಹೊರಬಂದೆ.

ದುರ್ಗಾಡಿ ಸೇತುವೆ, ಕೋನ್ ದಾಟಿ ಭಿವಂಡಿ ಬೈಪಾಸಿಗೆ ಬಂದರೆ ಕಂಟೇನರ್ ಲಾರಿಗಳ ಸಾಲು. ಠಾಣೆಯ ಮಾಜಿವಾಡಾ ಮುಟ್ಟಲು ಒಂದೂವರೆ ತಾಸು ಹಿಡಿಯಿತು. ದಾರಿಯಲ್ಲಿ ನಾವು ವಡಾಪಾವ್ ತಿಂದೆವು, ಕಾಶಿಗೆ ಡಬ್ಬಿಯಲ್ಲಿ ತಂದಿದ್ದ ಮೊಸರನ್ನ. ಅರ್ಧಕ್ಕೇ ಮುಖ ತಿರುಗಿಸಿದಳು. ಸೆಕೆಗೆ ಇರಬೇಕು ಅಂದುಕೊಂಡೆ.

ವರ್ತಕ ನಗರದ ದವಾಖಾನೆಗೆ ಗಾಜಿನ ಬಾಗಿಲು, ಒಳಗೆ ಎಸಿ. ಸಾವಿರದ ಇನ್ನೂರು ಕೊಟ್ಟು ರಕ್ತ ಪರೀಕ್ಷೆ ಮಾಡಿಸಿದೆ. ಪ್ಲೇಟ್‌ಲೆಟ್ ಕಡಿಮೆ, ಉಣ್ಣೆ ಹುಳು ಕಚ್ಚಿ ಬರುವ ಜ್ವರ ಇರಬಹುದು, ಮೂರು ದಿನ ಸೇರಿಸಿ, ಬೆರಳನ್ನು ಇವತ್ತೇ ತೆಗೆಯೋಣ, ಇಪ್ಪತ್ತಾರು ಸಾವಿರ ಎಂದರು ಅಲ್ಲಿನ ತರುಣ ಡಾಕ್ಟರು. ಈ ಜಾತಿಯ ನಾಯಿಗಳಲ್ಲಿ ಪ್ಲೇಟ್‌ಲೆಟ್ ಕಡಿಮೆಯೇ ಇರುತ್ತದೆ ಎಂದೆ. "ಮೊಬೈಲ್ ಮೇ ಪಢಾ ಕ್ಯಾ?" ಎಂದು ಕೇಳಿದರು. ಓದಿದ್ದು ಮೊಬೈಲಿನಲ್ಲೇ. ಆದರೂ ರಿಪೋರ್ಟು ಇಸಿದುಕೊಂಡು ಎದ್ದೆ.

"ಏನಂದ?" ಕಾಕಾ ಕೇಳಿದ.

"ಬೆರಳು ಕತ್ತರಸ್ಬೇಕಂತ. ಇಪ್ಪತ್ತಾರು ಸಾವಿರ."

ಕಾಕಾ ಗೇರ್ ಹಾಕಿ, "ಒಂದು ಬೆರಳಿಗೆ ಇಷ್ಟಾದ್ರ ನಾಕೂ ಕಾಲಿಗೆ ಎಷ್ಟೋ," ಎಂದ. ನನಗೆ ಒಳಗೊಳಗೆ ಹೆಮ್ಮೆ. ಎರಡು ಕಡೆಯೂ ಡಾಕ್ಟರಿಗಿಂತ ನನಗೇ ಹೆಚ್ಚು ಗೊತ್ತಿತ್ತು.

ಕಳವಾ ಸೇತುವೆ ದಾಟಿ ಬೇಲಾಪುರ ರಸ್ತೆ ಹಿಡಿದು ಮಹಾಪೆ ಸೇರಿದಾಗ ಎರಡು ಗಂಟೆ. ಕಾಕಾ ಈರುಳ್ಳಿ ಹಾಕುವ ಉಡುಪಿ ಹೋಟೆಲಿನ ಗಲ್ಲಾದವರು ಬಾಗಿಲಾಚೆಯ ಕಾಶಿಯನ್ನು ನೋಡಿ, "ಎಂತ ಆಯ್ತು ಮಾರಾಯ್ರೆ, ಕಾಲು ಎತ್ತಿಕೊಂಡೇ ನಿಂತಿದೆಯಲ್ಲ? ಹಿಂದಿನ ಗಲ್ಲಿಯಲ್ಲಿ ನಮ್ಮ ಊರಿನ ಡಾಕ್ಟ್ರಮ್ಮ ಇದ್ದಾರೆ, ತೋರಿಸಿ," ಎಂದರು.

ಎರಡು ಕೋಣೆಯ ದವಾಖಾನೆ. ಐವತ್ತರ ಆಸುಪಾಸಿನ ಡಾಕ್ಟ್ರಮ್ಮ ಕಾಶಿಯನ್ನು ಮೇಜಿನ ಮೇಲೆ ಹತ್ತಿಸಲಿಲ್ಲ. ತಾವೇ ನೆಲದ ಮೇಲೆ ಕೂತು, ಅವಳು ನಡೆಯುವುದನ್ನು ನೋಡಿದರು.

"ಮುಧೋಳ ನಾಯಿ ನಾನು ನೋಡಿದ್ದೇ ಎರಡು. ಗೊತ್ತಿಲ್ಲದ್ದನ್ನು ಕೇಳ್ತೇನೆ," ಎಂದು ತಮ್ಮ ಗುರುಗಳಿಗೆ ಫೋನ್ ಮಾಡಿ, ರಿಪೋರ್ಟಿನ ಅಂಕಿ ಓದಿದರು. ಈ ತಳಿಗೆ ಅಷ್ಟು ಇರಬಹುದು, ಆದರೂ ರಕ್ತವನ್ನು ಕಣ್ಣಾರೆ ನೋಡಿ ಎಂದಿತು ಆಚೆಯ ದನಿ. ಒಂದು ಹನಿ ರಕ್ತ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಉಣ್ಣೆ ಜ್ವರದ ಸುಳಿವಿರಲಿಲ್ಲ. ನಾನು ಇನ್ನಷ್ಟು ಉಬ್ಬಿದೆ.

"ಮನೆಯಲ್ಲಿ ಎಂತ ಔಷಧ ಕೊಟ್ಟಿದ್ದೀರಿ?"

"ಏನಿಲ್ರಿ ಮೇಡಂ." ಉಳಿದ ಇಬ್ಬರಿಗೂ ಹೀಗೇ ಹೇಳಿದ್ದೆ.

ಅವರು ಕಾಶಿಯ ಕಿವಿ ಸವರಿದರು. "ಎಂಟು ದಿನ ಕೀವು ಕಟ್ಟಿದ ಬೆರಳು. ಎಲ್ಲರೂ ಏನಾದರೂ ಕೊಡ್ತಾರೆ. ನಾನು ಬೈಯುವುದಿಲ್ಲ. ನೀವು ಹೇಳದಿದ್ದರೆ ನನ್ನ ಔಷಧ ತಪ್ಪುತ್ತದೆ, ಅಷ್ಟೇ."

ಹೇಳಿದೆ. ಮನುಷ್ಯರ ನೋವಿನ ಮಾತ್ರೆ, ನನ್ನ ತೂಕಕ್ಕೂ ಅವಳ ತೂಕಕ್ಕೂ ಲೆಕ್ಕ ಹಾಕಿ ಅರ್ಧರ್ಧ, ದಿನಕ್ಕೆ ಎರಡು ಸಲ, ಐದು ದಿನ.

"ಹೊರಗೆ ಹೋಗುವಾಗ ಮಲದ ಬಣ್ಣ ಹೇಗುಂಟು?"

"ಕರ್ರಗ್ರಿ. ಲಿವರ್ ತಿನ್ನಿಸಿದ್ದಕ್ಕ ಅನ್ಕೊಂಡಿದ್ದೆ."

"ಅದು ರಕ್ತ. ಹೊಟ್ಟೆಯೊಳಗೆ ಹುಣ್ಣಾಗಿದೆ. ಇದರ ಮೇಲೆ ಇವತ್ತು ಆಪರೇಶನ್ ಮಾಡಿ ನೋವಿನ ಇಂಜೆಕ್ಷನ್ ಕೊಟ್ಟಿದ್ದರೆ ನಾಯಿ ಉಳಿಯುವುದೇ ಕಷ್ಟ ಇತ್ತು."

ಬಾಗಿಲಲ್ಲಿ ನಿಂತಿದ್ದ ಕಾಕಾಗೂ ಎಲ್ಲ ಕೇಳಿಸಿತ್ತು. ನಾನು ಕಾಶಿಯ ಕೊರಳಪಟ್ಟಿ ಹಿಡಿದು ನೆಲ ನೋಡುತ್ತ ಕೂತೆ.

ಕಿಡ್ನಿಯ ಪರೀಕ್ಷೆ ಆಯಿತು, ಕೆಟ್ಟಿರಲಿಲ್ಲ. ಎಕ್ಸ್‌ರೇಯಲ್ಲಿ ಬೆರಳಿನ ಎಲುಬು ಗಟ್ಟಿಯಿತ್ತು. ಬೆರಳು ಉಳಿಯುತ್ತದೆ, ಉಗುರು ಮಾತ್ರ ತೆಗೆದರೆ ಸಾಕು, ಅದೂ ಹೊಟ್ಟೆ ಸುಧಾರಿಸಿದ ಮೇಲೆ, ಮುಂದಿನ ವಾರ ಎಂದರು. ಗಾಯ ತೊಳೆದು ಪಟ್ಟಿ ಕಟ್ಟಿ, ಹೊಟ್ಟೆಯ ಔಷಧವನ್ನೂ ಕೀವಿನ ಮಾತ್ರೆಯನ್ನೂ ಕೊಟ್ಟರು. ಎಲ್ಲ ಸೇರಿ ಸಾವಿರದ ಎಂಟುನೂರು. ಆಪರೇಶನ್ನಿಗೆ ನಾಲ್ಕು ಸಾವಿರ ಎಂದು ಚೀಟಿಯಲ್ಲಿ ಬರೆದು, "ಹೆಚ್ಚಾಗುವುದಾದರೆ ಮೊದಲೇ ಹೇಳ್ತೇನೆ," ಎಂದರು.

ಮರಳುವಾಗ ಶಿಳಫಾಟಾದಲ್ಲಿ ಟ್ರಾಫಿಕ್ಕು ಕಟ್ಟಿ ನಿಂತಿತ್ತು. ಕಾಶಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಕಾಕಾ ನನ್ನ ಕಡೆ ತಿರುಗಿದ. "ಮತ್ತೇನರ ಮುಚ್ಚಿಟ್ಟಿಯೇನು?"

ನಾನು ಮೊಬೈಲು ತೆಗೆದು ಡಾಕ್ಟ್ರಮ್ಮನಿಗೆ ಫೋನ್ ಮಾಡಿದೆ. "ಮೇಡಂ, ಇನ್ನೊಂದೈತ್ರಿ. ಮೊನ್ನೆ ಮೆಡಿಕಲ್‌ನ್ಯಾಗ ಕೇಳಿ ಕೀವಿಗೂ ಒಂದು ಮಾತ್ರೆ ಹಾಕಿದ್ದೆ, ಮೂರು ದಿನ."

ಆಚೆ ಕಾಗದ ಸರಿಸಿದ ಸದ್ದು. "ಹೆಸರು ಹೇಳಿ, ಬರ್ಕೊಳ್ತೇನೆ."

ಕಿಸೆಯಲ್ಲಿದ್ದ ಆ ಮಾತ್ರೆಯ ಖಾಲಿ ಪಟ್ಟಿ ತೆಗೆದು ಒಂದೊಂದೇ ಅಕ್ಷರ ಓದಿದೆ. ಮುಂದಿನ ಗಾಡಿಗಳು ಸರಿದಿದ್ದವು, ಹಿಂದಿನವರು ಹಾರ್ನ್ ಬಾರಿಸುತ್ತಿದ್ದರು. ಓದಿ ಮುಗಿಸುವವರೆಗೆ ಕಾಕಾ ಟೆಂಪೋ ಮುಂದೆ ಬಿಡಲಿಲ್ಲ.