ಚಿಂಚೋಳಿಗೆ ಹೋಗಿ ಬಂದ ದೊಡ್ಡ ಲೆನ್ಸ್

ಶಹಾಬಾದಿನಲ್ಲಿ ನಮ್ಮ ಭಾವನದೊಂದು ಫೋಟೋ ಸ್ಟುಡಿಯೋ ಇತ್ತು. ಅಕ್ಕನ ಮದುವೆಯಾದ ಮೇಲೆ ನಾನೂ ಅಲ್ಲೇ ಕೆಲಸಕ್ಕೆ ನಿಂತೆ. ತೊಂಬತ್ತರ ದಶಕದ ಕೊನೆ, ಇನ್ನೂ ರೀಲಿನ ಕಾಲ. ದೂರದಿಂದಲೇ ಮುಖ ಹಿಡಿಯುವ ಜೂಮ್ ಲೆನ್ಸ್ ಬೇಕೆಂದು ಭಾವ ಹಟ ಹಿಡಿದಿದ್ದರು. ಹೈದರಾಬಾದಿನ ಪರಿಚಯದ ಅಂಗಡಿಯವರು ಎರಡು ಲೆನ್ಸ್ ಕೊಟ್ಟು, ಬಳಸಿ ನೋಡಿ ಒಂದನ್ನು ಇಟ್ಟುಕೊಳ್ಳಿ ಅಂದಿದ್ದರು.

ಒಂದು ಪತ್ರಿಕೆಯವರು ಬಳಸುವಂಥದ್ದು. ಕೊರಳಿಗೆ ಹಾಕಿಕೊಂಡರೆ ಕುತ್ತಿಗೆ ಜಗ್ಗುತ್ತಿತ್ತು, ಆದರೆ ಮಬ್ಬು ಬೆಳಕಿನಲ್ಲೂ ರೆಪ್ಪೆಯ ಕೂದಲು ಕಾಣುತ್ತಿತ್ತು. ಇನ್ನೊಂದು ಪ್ಲಾಸ್ಟಿಕ್ ಮೈಯದು, ಹಗುರ, ಅಗ್ಗ. ಹೊತ್ತು ಇಳಿದರೆ ಅದರ ಚಿತ್ರಗಳು ಮಸುಕು. ನನ್ನ ಮನಸ್ಸೂ ದೊಡ್ಡದರ ಮೇಲೇ ಇತ್ತು.

ಅದನ್ನೇ ಹಿಡಿದು ಚಿತ್ತಾಪುರದ ಮದುವೆಯೊಂದಕ್ಕೆ ಹೋದೆವು. ಅಲ್ಲಿ ವರನ ದೊಡ್ಡಪ್ಪ ಬಂದು ಲೆನ್ಸನ್ನು ಕೈಯಲ್ಲಿ ಸವರಿದರು.

"ಇದ್ರಾಗ ಎಷ್ಟು ದೂರದ್ದು ಕಾಣ್ತದ್ರಿ?"

"ಭಾಳ ದೂರದ್ದು ಕಾಣ್ತದ್ರಿ," ಅಂದರು ಭಾವ ಹೆಮ್ಮೆಯಿಂದ.

ಅವರು ದನಿ ತಗ್ಗಿಸಿದರು. "ನನ್ನ ಮಗಗ ಚಿಂಚೋಳ್ಯಾಗ ಒಂದು ಹುಡುಗಿ ಅದ. ಸಾಲಿ ಟೀಚರ್. ನೋಡ್ಲಿಕ್ಕ ಹೋದ್ರ ಪೌಡರ್ ಹಚ್ಚಿ ಕುಂದರಸ್ತಾರ. ಆಕೀಗಿ ಗೊತ್ತಾಗದಂಗ ಫೋಟೋ ತೆಗೀರಿ. ನಡಿಗಿ, ಬಣ್ಣ, ಕಾಲು, ಎಲ್ಲಾ ಬರಬೇಕು."

"ಹೆಣ್ಣು ನೋಡೋದೋ ದನಾ ನೋಡೋದೋ ಇದು?" ಅಂದೆ. ಅವರು ನಕ್ಕರು. ಭಾವ ನನ್ನ ಕಾಲು ತುಳಿದರು. ಮದುವೆ ಮುಗಿಸಿ ವಾಪಸು ಬರುವಾಗ ಬಸ್ಸಿನಲ್ಲಿ, ಚಿಂಚೋಳಿಗೆ ನಾ ಬರಂಗಿಲ್ಲ ಎಂದು ಹೇಳಿಬಿಟ್ಟೆ. ಭಾವ ಒಬ್ಬರೇ ಹೋಗಿ ಬಂದರು.

ಕಲಬುರಗಿಯಿಂದ ಪ್ರಿಂಟು ಬಂದ ದಿನ ಆ ಮನುಷ್ಯ ತಮ್ಮ ಇಬ್ಬರು ನೆಂಟರನ್ನು ಕರೆದುಕೊಂಡು ಬಂದರು. ಭಾವ ಫೋಟೋಗಳನ್ನು ಗಾಜಿನ ಮೇಜಿನ ಮೇಲೆ ಹರಡಿದರು. ಹುಡುಗಿ ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತಿದ್ದಾಳೆ. ಚಪ್ಪಲಿ ಬಿಚ್ಚಿ, ಗೋಡೆ ಹಿಡಿದು, ಒಂಟಿ ಕಾಲಲ್ಲಿ ನಿಂತು ಮುಳ್ಳು ಕೀಳುತ್ತಿದ್ದಾಳೆ. ಎಷ್ಟು ಚೊಕ್ಕಟವಾಗಿ ಬಂದಿತ್ತೆಂದರೆ ಪಾದದ ಧೂಳು ಕೂಡ ಕಾಣುತ್ತಿತ್ತು. ಅಷ್ಟು ಒಳ್ಳೆಯ ಫೋಟೋ ನೋಡಿ ಅಷ್ಟು ಹೇಸಿಗೆ ನನಗೆ ಎಂದೂ ಆಗಿರಲಿಲ್ಲ.

ಮೂವರ ಬಾಯಲ್ಲೂ ಗುಟ್ಕಾ. ದೊಡ್ಡಪ್ಪ ಕೆಂಪು ಹತ್ತಿದ ಬೆರಳನ್ನು ಅವಳ ಪಾದದ ಮೇಲೆ ಒತ್ತಿದರು. "ಹಿಮ್ಮಡಿ ಒಡದಾವ ನೋಡು." ಒಬ್ಬ ನೆಂಟ ಇನ್ನೊಂದನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದು, "ಸೊಂಟ ಚಲೋ ಅದ," ಅಂದ.

ಅಷ್ಟರಲ್ಲಿ ಸ್ಟುಡಿಯೋದ ಹಿಂದೆಯೇ ಇದ್ದ ಮನೆಯಿಂದ ಅಕ್ಕ ಚಹಾ ತಂದಳು. ಟ್ರೇ ಕೆಳಗಿಟ್ಟು ಒಂದೊಂದೇ ಫೋಟೋ ನೋಡಿದಳು. ನೆಂಟನ ಕೈಯಲ್ಲಿದ್ದದ್ದನ್ನೂ ಕಿತ್ತುಕೊಂಡಳು.

"ಈ ಹುಡುಗಿಗಿ ಗೊತ್ತದೇನ್ರಿ?" ಎಂದು ಭಾವನನ್ನು ಕೇಳಿದಳು.

ಭಾವ ಗಾಜಿನ ಮೇಜು ಒರೆಸತೊಡಗಿದರು.

"ಹಂಗಾದ್ರ ನನ್ನೂ ಹಿಂಗೇ ಎಲ್ಲ್ಯಾರ ನಿಂತು ನೋಡಿದ್ರೇನು? ಏಳ್ರಿ, ಚಾ ಇಲ್ಲ. ಹೊರಗ ನಡೀರಿ ಎಲ್ಲಾರೂ."

ಅವರು ಬಡಬಡಿಸುತ್ತ ಎದ್ದರು. ಒಬ್ಬ ಮೆಟ್ಟಿಲ ಮೇಲೇ ಉಗುಳಿ ಹೋದ. ಅಕ್ಕ ಪ್ರಿಂಟು, ನೆಗೆಟಿವ್ ಎಲ್ಲವನ್ನೂ ಒಲೆಗೆ ಹಾಕಿದಳು. ಪ್ಲಾಸ್ಟಿಕ್ ಸುಟ್ಟ ವಾಸನೆ ಮನೆಯೆಲ್ಲ ಅಡರಿತು. ಭಾವ ಮೂಲೆಯಲ್ಲಿ ಕೂತು, "ಲೆನ್ಸಿಂದೇನು ತಪ್ಪದ?" ಎಂದು ಗೊಣಗಿದರು. ಚಿಂಚೋಳಿಯ ಗೆಳತಿಯೊಬ್ಬಳ ಮೂಲಕ ಅಕ್ಕ ಹುಡುಗಿಯ ಮನೆಗೆ ಸುದ್ದಿ ಮುಟ್ಟಿಸಿದಳು. ಅವರೇ ಆ ಸಂಬಂಧ ಬೇಡವೆಂದರಂತೆ.

ದೊಡ್ಡ ಲೆನ್ಸನ್ನು ನಾನೇ ವಾಡಿಯಲ್ಲಿ ರೈಲು ಹತ್ತಿ ಹೈದರಾಬಾದಿಗೆ ಮುಟ್ಟಿಸಿ ಬಂದೆ. ಹಗುರಾದದ್ದು ನಮ್ಮಲ್ಲಿ ಉಳಿಯಿತು. ಅದರಲ್ಲಿ ಸಂಜೆಯ ಚಿತ್ರ ಸರಿಯಾಗಿ ಬರುತ್ತಿರಲಿಲ್ಲ. ಹತ್ತಿರ ಹೋಗಿ, ಫ್ಲ್ಯಾಶ್ ಹಾಕಿ, "ಅಕ್ಕಾರ, ಸ್ವಲ್ಪ ಈ ಕಡಿ ನೋಡ್ರಿ," ಅನ್ನಬೇಕಾಗುತ್ತಿತ್ತು. ಕೆಲವರು ನೋಡುತ್ತಿದ್ದರು, ಕೆಲವರು ಸೆರಗು ಮರೆ ಮಾಡಿಕೊಂಡು ಬೇಡ ಅನ್ನುತ್ತಿದ್ದರು.

ಎರಡು ಸಾವಿರದ ಇಸವಿಯ ನಂತರ ಸೇಡಂನ ಒಂದು ಮದುವೆಯಲ್ಲಿ ಆ ದೊಡ್ಡಪ್ಪ ಮತ್ತೆ ಕಂಡರು. ನಗುತ್ತ ಕೈ ಮುಂದೆ ಚಾಚಿದರು. ನಾನು ಕ್ಯಾಮೆರಾದಿಂದ ಕೈ ತೆಗೆಯಲಿಲ್ಲ.