ನಿಲ್ಸ್ ಆರ್ನೆ ಎಂಬ ಒಂದೇ ಹೆಸರು

ಬೆಳಗಿನ ಆರೂ ಹತ್ತು. ಬಂದರಿನ ದೀಪಗಳಿನ್ನೂ ಆರಿಲ್ಲ. ನಾನು ವರದಿಗೆಂದು ಬಂದಿರುವ ಈ ಮೀನುಗಾರಿಕೆ ಬಂದರಿನ ಕಚೇರಿಯಲ್ಲಿ ಗುನ್ವೋರ್ ತ್ವೈತೊ ಕೋಟು ಕಳಚದೆ, ನಿಂತೇ ಪರದೆ ನೋಡುತ್ತಿದ್ದಾರೆ. ಕಾಫಿ ಆರುತ್ತಿದೆ. ಬೆರಳುಗಳು ಮೇಜಿನ ಮೇಲೆ ಸುಮ್ಮನಿರುವುದಿಲ್ಲ.

ಕಡಲಿನಲ್ಲಿರುವ ನಲವತ್ತಮೂರು ದೋಣಿಗಳ ಒಬ್ಬಂಟಿ ಮೀನುಗಾರರು ಆರರೊಳಗೆ ‘ಕ್ಷೇಮ’ ಎಂದು ಸಂದೇಶ ಕಳಿಸಬೇಕು. ಗುನ್ವೋರ್ ಬರೆದಿಟ್ಟ ಶೆಲ್ ಸ್ಕ್ರಿಪ್ಟ್ ಎಂಬ ಪುಟ್ಟ ಕಂಪ್ಯೂಟರ್ ಆದೇಶಪಟ್ಟಿ ಒಬ್ಬೊಬ್ಬರ ಹೆಸರನ್ನೂ ಸಂದೇಶಗಳ ಕಡತದಲ್ಲಿ ಹುಡುಕುತ್ತದೆ. ಸಿಗದಿದ್ದರೆ ರಕ್ಷಣಾ ದೋಣಿ ಹೊರಡುತ್ತದೆ. ತಾವು ದುಡಿಯುತ್ತಿದ್ದ ಮೀನು ಕಾರ್ಖಾನೆ ಮುಚ್ಚಿದ ಮೇಲೆ ಅವರು ಸಂಜೆ ತರಗತಿಯಲ್ಲಿ ಕಲಿತ ವಿದ್ಯೆ ಇದು.

ಏಳು ಚಳಿಗಾಲಗಳ ಹಿಂದೆ ಆ ಸ್ಕ್ರಿಪ್ಟ್ ತಪ್ಪಿತು. ಇಲ್ಲಿ ಹದಿನೇಳು ಗಂಡಸರಿಗೆ ಜೋಡಿ ಹೆಸರು. ಸ್ಕ್ರಿಪ್ಟಿನಲ್ಲಿ ಹೆಸರು ಹೊತ್ತ ಚರದ, ಅಂದರೆ ವೇರಿಯಬಲ್‌ನ, ಎರಡೂ ಬದಿಗೆ ಉದ್ಧರಣ ಚಿಹ್ನೆ ಇರಬೇಕಿತ್ತು, ಇರಲಿಲ್ಲ. ‘ನಿಲ್ಸ್ ಆರ್ನೆ’ ನಡುವಿನ ತೆರಪಿನಲ್ಲಿ ಎರಡಾಗಿ ಒಡೆಯಿತು. ಯಂತ್ರ ‘ನಿಲ್ಸ್’ ಅನ್ನಷ್ಟೇ ಹುಡುಕಿತು, ‘ಆರ್ನೆ’ಯನ್ನು ಇನ್ನೊಂದು ಕಡತದ ಹೆಸರೆಂದುಕೊಂಡಿತು. ಅಂಥ ಕಡತವಿಲ್ಲ ಎಂಬ ದೂರನ್ನು ತೋರಿಸಬೇಡವೆಂದು ಗುನ್ವೋರ್ ಅವರೇ ಅದಕ್ಕೆ ಹೇಳಿಟ್ಟಿದ್ದರು. ಇನ್ನೊಬ್ಬ ಮೀನುಗಾರ ನಿಲ್ಸ್ ಓಲಾವ್ ಕಳಿಸಿದ್ದ ಸಂದೇಶ ಸಿಕ್ಕಿತು. ಅಷ್ಟಕ್ಕೇ ನಿಲ್ಸ್ ಆರ್ನೆಯೂ ಕ್ಷೇಮ ಎಂದಿತು.

ಆದರೆ ಎಂಜಿನ್ ಕೆಟ್ಟು, ರೇಡಿಯೊ ಸತ್ತು, ನಿಲ್ಸ್ ಆರ್ನೆ ದೋಣಿಯಲ್ಲಿ ಹನ್ನೊಂದು ಗಂಟೆ ತೇಲಿದ. ಎರಡು ಬೆರಳು ಹಿಮಕ್ಕೆ ಹೋದವು.

“ಆ ಚಿಹ್ನೆಗೆ ನಾಲ್ಕು ಚುಕ್ಕೆ ಗೀಚೋ ಕೆಲಸ. ಅಷ್ಟು ಮಾಡಿಲ್ಲ ನಾನು” ಎನ್ನುತ್ತಾರೆ ಗುನ್ವೋರ್. ಅಂದಿನಿಂದ ಚಿಹ್ನೆ ಇದೆ, ದೂರನ್ನು ಮುಚ್ಚಿಡುವುದಿಲ್ಲ. ಆದರೂ ಯಂತ್ರ ಮುಗಿಸಿದ ಮೇಲೆ ನಲವತ್ತಮೂರು ಹೆಸರನ್ನೂ ಕಣ್ಣಿಂದ ಓದುತ್ತಾರೆ, ನಿಂತೇ.

ಇಂದು ಪರದೆಯ ಮೇಲೆ ಒಂದೇ ಸಾಲು ಕೆಂಪು: ನಿಲ್ಸ್ ಆರ್ನೆ, ಕಾಣೆ.

ರಕ್ಷಣಾ ದೋಣಿಯವರಿಗೆ ಸಿದ್ಧರಾಗಲು ಹೇಳಿ ಅವರು ರೇಡಿಯೊ ಹಿಡಿಯುತ್ತಾರೆ. ಒಮ್ಮೆ ಕೂಗುತ್ತಾರೆ. ಬರೀ ಗರಗರ. ಇನ್ನೊಮ್ಮೆ.

ಮೂರನೆಯ ಸಲಕ್ಕೆ ಬಾಯಿ ತುಂಬಿದ ದನಿ: “ಏನೇ ಗುನ್ವೋರ್, ಬ್ರೆಡ್ ನುಂಗೋಕೂ ಬಿಡಲ್ವಾ?”

“ಸಂದೇಶ ಎಲ್ಲೋ ಮಾರಾಯ?”

“ಮರ್ತೆ ಕಣೇ. ಉಳಿದಿರೋದು ಎಂಟೇ ಬೆರಳು, ಒತ್ತೋಕೆ ನಿಧಾನ ಆಗುತ್ತೆ.”

“ಎಂಟರಲ್ಲಿ ಒಂದು ಸಾಕು. ಒತ್ತು ಈಗ!”

ಸಾಲು ಹಸಿರಾಗುತ್ತದೆ. ರಕ್ಷಣಾ ದೋಣಿಯವರಿಗೆ ಬೇಡವೆಂದು ಹೇಳುತ್ತಾರೆ. ಏನಾಸೆ ನಿಮಗೆ ಎಂದು ಕೇಳುತ್ತೇನೆ.

“ಒಂದಿನ ಕೂತ್ಕೊಂಡು, ಬಿಸಿ ಇರೋವಾಗ್ಲೇ ಕಾಫಿ ಕುಡೀಬೇಕು.” ಪರದೆಯತ್ತ ತಿರುಗುತ್ತಾರೆ. “ಆದ್ರೆ ನೋಡಿದ್ರಲ್ಲ, ಇವತ್ತು ನಿಲ್ಸ್ ಓಲಾವ್ ಸಂದೇಶ ಅಲ್ಲೇ ಇತ್ತು. ಆದ್ರೂ ಯಂತ್ರ ಈ ಸಲ ಇವನು ಕಾಣೆ ಅಂತ ಹೇಳ್ತು.”